ಕೌದಿಯೊಳಗೆ ಸಿಕ್ಕ ಜೀವಕೋಶ

ವಿಜ್ಞಾನದ ಪದವಿ ಪಡೆದ ಮೇಲೆ ನಾನು ಪುರಾವೆಯಿಲ್ಲದ ಯಾವುದನ್ನೂ ನಂಬುತ್ತಿರಲಿಲ್ಲ. ದೆವ್ವ, ಜಾತಕ, ಕುಂಬಾರವಾಡದ ಬಸ್ಸಿನ ವೇಳೆ, ಯಾವುದನ್ನೂ! ಪುರಾವೆಯಿಲ್ಲದೆ ನಂಬಿದ್ದು ಒಂದನ್ನೇ: ನನ್ನ ಜ್ಞಾಪಕಶಕ್ತಿಯನ್ನು.

ಅರವತ್ತರ ದಶಕದ ಮಾತು. ದಾಂಡೇಲಿಯ ಶಾಲೆಯೊಂದರಲ್ಲಿ ನಾನು ಇನ್ನೂ ಕಾಯಂ ಆಗದ ಮಾಸ್ತರ. ಹೆಡ್‌ಮಾಸ್ತರರು ಕರೆದು, "ಊರ ಮಂದಿಗೆ ವಿಜ್ಞಾನದ ಮ್ಯಾಲ ಒಂದು ಭಾಷಣ ಮಾಡ್ರಿ. ಯಾರೂ ನಡುವ ಎದ್ದು ಹೋಗದಿದ್ರ, ಕಾಯಂ ಮಾಡ್ರಿ ಅಂತ ಮ್ಯಾಲಿನವ್ರಿಗೆ ಬರೀತೇನಿ" ಎಂದರು.

ನಾನು ಹೊಚ್ಚಹೊಸ ಸಂಶೋಧನೆಯನ್ನೇ ಆರಿಸಿಕೊಂಡೆ. ನಮ್ಮ ದೇಹದ ಜೀವಕೋಶ ತನ್ನ ಸವೆದ ಭಾಗಗಳನ್ನು ತಾನೇ ಪುಟ್ಟ ಚೀಲದಲ್ಲಿ ಕಟ್ಟಿ, ಕರಗಿಸಿ, ಅದೇ ಸಾಮಾನಿನಿಂದ ಹೊಸದನ್ನು ಮಾಡಿಕೊಳ್ಳುತ್ತದೆ ಎಂಬ ವಿಷಯ. ತಿಂಗಳು ಮೊದಲೇ ಎಂಟು ಹಾಳೆ ಬರೆದು ಮೇಜಿನ ಖಾನೆಯಲ್ಲಿ ಭದ್ರವಾಗಿಟ್ಟೆ.

ಭಾಷಣದ ದಿನ ಖಾನೆ ಎಳೆದರೆ ಒಂದು ಸತ್ತ ಜಿರಲೆ!

"ನನ್ನ ಹಾಳಿ ಯಾರು ತಗದ್ರು?" ಎಂದು ಗುಡುಗಿದೆ.

"ನಾ ಮುಟ್ಟಿಲ್ರಿ. ನೀವ ಎಲ್ಲೋ ಇಟ್ಟು ಮರತೀರಿ" ಎಂದಳು ಹೆಂಡತಿ ಶಾಂತಾ.

"ಮರೆಯೂದು ಅಂದ್ರ ಏನಂತನ ನನಗ ಗೊತ್ತಿಲ್ಲ!"

"ಅದನ್ನೂ ಮರತ್ರ್ಯಾ?"

ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ, ನಮ್ಮ ಹಳೆ ಬಟ್ಟೆಗಳಿಂದ ಹೊಲಿದ ಹೊಸ ಕೌದಿಯನ್ನು ಹೊತ್ತು ಬಂದಳು. "ತಗೋ ತಂಗಿ, ಮುಗೀತು. ಆದ್ರ ಒಂದ ಕಡೆ ಚರಚರ ಅಂತೈತಿ ನೋಡು."

ಒತ್ತಿ ನೋಡಿದೆ. ಚರಚರ! ಕಾಗದದ ಸದ್ದು; ಅದು ನನ್ನ ಹಳೆ ಕೋಟಿನ ಕಿಸೆಯ ಭಾಗ.

"ಈ ಕೋಟು ನಿನಗ ಕೊಟ್ಟವರು ಯಾರು?" ನ್ಯಾಯಾಧೀಶನ ಗತ್ತಿನಲ್ಲಿ ಕೇಳಿದೆ.

"ನೀವ ಕೊಟ್ರೆಲ್ಲಾ ಮಾಸ್ತರ! ಕಿಸೆ ನೋಡ್ಕೋರಿ ಅಂದ್ರ, 'ಕಿಸೆದಾಗ ಏನೂ ಇಲ್ಲ, ನನಗ ನೆನಪೈತಿ' ಅಂದ್ರಿ."

ಕತ್ತರಿಗೆ ಕೈ ಹಾಕಿದೆ. ಗಂಗವ್ವ ಕೌದಿಯನ್ನು ಕೂಸಿನಂತೆ ಅವಚಿಕೊಂಡಳು. "ಮೂರು ವಾರ ಕೂತು ಹೊಲದೇನಿ! ಒಂದ ಹೊಲಿಗಿ ಬಿಚ್ಚಿದ್ರೂ ನೋಡ್ರಿ ಮತ್ತ!"

ಹೀಗಾಗಿ ವಿಜ್ಞಾನಿಗಳಾದ ನಾವು ಕೌದಿಸಮೇತ ಸಭೆಗೆ ದಯಮಾಡಿಸಿದೆವು.

ಎರಡು ವಾಕ್ಯ ನಿರರ್ಗಳವಾಗಿ ಬಂದವು. ಮೂರನೆಯದು ಬರಲಿಲ್ಲ. "ಜೀವಕೋಶವೆಂದರೆ... ಜೀವಕೋಶವು..." ಕೌದಿ ಒತ್ತಿದೆ. ಚರಚರ ಎಂದಿತೇ ಹೊರತು ಒಂದಕ್ಷರ ಹೇಳಿಕೊಡಲಿಲ್ಲ! ಮುಂದಿನ ಸಾಲಿನಲ್ಲಿ ಮೋಟಾರು ರಿಪೇರಿಯ ಹುಸೇನಸಾಬರು ಅರ್ಧ ಎದ್ದರು. ಅವರ ಜೊತೆ ನನ್ನ ಕಾಯಂ ನೌಕರಿಯೂ ಎದ್ದಿತು.

"ಕೌದಿ ಹಾಸಿ ತೋರಸ್ರಿ!" ಹೆಂಗಸರ ಕಡೆಯಿಂದ ಶಾಂತಾಳ ದನಿ.

ಹಾಸಿದೆ. ಗಂಗವ್ವ ತಡೆಯಲಾರದೆ ಎದ್ದು ಬಂದು ಬೆರಳಿಟ್ಟು ತೋರಿಸಿದಳು. "ಇದು ಶಾಂತಾನ ಸೀರಿ. ಇದು ಮಾಸ್ತರ ಧೋತ್ರ. ಸವದದ್ದು ಅಂತ ಒಗಿಯೂದಿಲ್ರಿ. ಕತ್ತರಿಸಿ, ಕೂಡಿಸಿ ಹೊಸಾದು ಮಾಡ್ತೇವಿ."

"ಜೀವಕೋಶವೂ ಹೀಗೆಯೇ!" ಎಂದು ಕೂಗಿದೆ.

ಹುಸೇನಸಾಬರು ಕೂತರು. "ಅಂದ್ರ ನಮ್ಮ ಮೈತುಂಬ ಗಂಗವ್ವಕ್ಕಗೋಳ ಅದಾರಂದಂಗಾತು!"

ಸಭೆ ನಕ್ಕು ನಕ್ಕು ಸುಸ್ತಾಯಿತು. ಒಬ್ಬರೂ ಎದ್ದು ಹೋಗಲಿಲ್ಲ.

"ಕಾಯಂ ಮಾಡ್ರಿ ಅಂತ ಬರಿಯೂದು ಖರೇ," ಎಂದರು ಹೆಡ್‌ಮಾಸ್ತರರು. "ಯಾರನ್ನ ಅಂತ ವಿಚಾರ ಮಾಡಾಕತ್ತೇನಿ."

ಕೊನೆಗೆ ನನ್ನ ಹೆಸರನ್ನೇ ಬರೆಯುವುದಾಗಿ ಮಾತು ಕೊಟ್ಟರು. ಗಂಗವ್ವ ಕೌದಿ ತಾನೇ ತರುತ್ತೇನೆಂದರೂ ಕೇಳದೆ, ಆ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡು ಬೀಗುತ್ತ ಮನೆಗೆ ಬಂದೆ.

"ನೋಡಿದೇನು? ಎರಡು ವಾಕ್ಯ ಪೂರ್ತಿ ನೆನಪಿದ್ದವು!"

"ಹೌದ್ರಿ," ಎಂದಳು ಶಾಂತಾ. "ಕೌದಿ ಎಲ್ಲೈತಿ?"

ಕೈ ನೋಡಿಕೊಂಡೆ. ಎರಡೂ ಖಾಲಿ. ಆದರೂ ನನ್ನ ನೆನಪು ಆಣೆ ಮಾಡಿ ಹೇಳಿತು: ಮೇಜಿನ ಖಾನೆಯಲ್ಲಿ!