ಹೋಟೆಲಿನಲ್ಲಿ ಸತ್ತು ಕಾಗದದಲ್ಲಿ ಬದುಕಿದ ಚಿಗರಿಗಳು

ಶಿಕಾರಿಯವರ ಸಹವಾಸ ಇದ್ದವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ವಾರಕ್ಕೊಂದಾದರೂ ಪ್ರಸಂಗ ತಾನಾಗಿಯೇ ಬಾಗಿಲಿಗೆ ಬರುತ್ತದೆ. ನನಗಂತೂ ಕಚೇರಿಯ ಬಾಗಿಲಿಗೇ ಬರುತ್ತಿತ್ತು. ಅರವತ್ತರ ದಶಕದ ಮಾತು ಇದು. ಶಿಕಾರಿಯನ್ನು ಪೂರ್ತಿ ನಿಲ್ಲಿಸುವ ಕಾನೂನು ಇನ್ನೂ ಬಂದಿರಲಿಲ್ಲ. ಹುಮನಾಬಾದಿನಲ್ಲಿ ನಾನು ಅರಣ್ಯದ ಗುಮಾಸ್ತ. ಹುಮನಾಬಾದ, ಬಸವಕಲ್ಯಾಣ ಎರಡೂ ಕಡೆಯ ಶಿಕಾರಿ ಲೈಸೆನ್ಸಿನ ಕಾಗದ ನನ್ನ ಮೇಜಿನ ಮೇಲೆಯೇ ಬಂದು ಬೀಳುತ್ತಿತ್ತು.

ಹಣೆ ತುಂಬ ವಿಭೂತಿ ಹಚ್ಚುವ, ಮಾಂಸದ ವಾಸನೆಗೆ ಮೂಗು ಮುಚ್ಚಿಕೊಳ್ಳುವ ನನಗೆ ಈ ಕೆಲಸ ಯಾಕೆ ಎಂದು ನಾನೇ ಕೇಳಿದ್ದೆ. ನನಗಿಂತ ಮುಂಚೆ ಇದ್ದ ಗುಮಾಸ್ತರ ಮನೆಗೆ ಪ್ರತಿ ಶಿಕಾರಿಯ ಮರುದಿನ ಮುಚ್ಚಿದ ಬುಟ್ಟಿ ಹೋಗುತ್ತಿತ್ತಂತೆ. ಬೀದರದ ದೊಡ್ಡ ಸಾಹೇಬರು ನನ್ನ ಹಣೆ ನೋಡಿದವರೇ, "ಇವ್ರ ಬಾಯಿ ಬುಟ್ಟಿಲೆ ಮುಚ್ಚಾಕ ಆಗಂಗಿಲ್ಲ, ಇಲ್ಲೇ ಕೂಡಸ್ರಿ" ಅಂದರು.

ನಿಯಮ ಸರಳವಾಗಿತ್ತು. ಒಂದು ಲೈಸೆನ್ಸಿಗೆ ವರ್ಷಕ್ಕೆ ಒಂದೇ ಚಿಗರಿ, ಅಂದರೆ ಕೃಷ್ಣಮೃಗ, ಅದೂ ಕೊಂಬಿನ ಗಂಡು. ಹೊಡೆದದ್ದನ್ನು ಲೈಸೆನ್ಸಿನ ಬೆನ್ನಿಗಿದ್ದ ಪಟ್ಟಿಯಲ್ಲಿ ಬರೆದು, ಸಹಿ ಹಾಕಿ, ವರ್ಷದ ಕೊನೆಗೆ ನಮಗೆ ಒಪ್ಪಿಸಬೇಕು. ಅದನ್ನು ನೋಡಿಯೇ ಮುಂದಿನ ವರ್ಷ ಎಷ್ಟು ಹೊಡೆಯಬಹುದು ಎಂದು ಸಾಹೇಬರು ತೀರ್ಮಾನ ಮಾಡುತ್ತಿದ್ದರು.

ಮುಡಬಿ ದಾರಿಯ ಕರಿ ನೆಲದಲ್ಲಿ ಒಂದು ಹಿಂಡು ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ರಸ್ತೆ ದಾಟುವಾಗ ಸೈಕಲ್ ನಿಲ್ಲಿಸಿ, ಎಲೆ ಅಡಿಕೆ ಹಾಕಿಕೊಂಡು ಪೂರಾ ಅಗಿದು ಮುಗಿಸುತ್ತಿದ್ದೆ. ನಾಲ್ಕು ವರ್ಷ ಕಳೆಯುವುದರೊಳಗೆ ಎಲೆಗೆ ಸುಣ್ಣ ಹಚ್ಚುತ್ತಿರುವಾಗಲೇ ಹಿಂಡು ದಾಟಿ ಮುಗಿಯತೊಡಗಿತು. ಇದು ನನಗೆ ಚಿಂತೆಯ ಮಾತಾಗಿತ್ತು. ಮಿಕ್ಕವರ ಮಾತು ಕೇಳಿ.

ಹೋಟೆಲ್ ಮಾತು, ಸರ್ಕಾರಿ ಮಾತು

ಮೊದಲ ವರ್ಷದ ಕೊನೆಗೆ ಲೈಸೆನ್ಸುಗಳೆಲ್ಲ ವಾಪಸ್ ಬಂದವು. ಒಂದೊಂದಾಗಿ ತಿರುಗಿಸಿ ನೋಡಿದೆ. 'ಏನೂ ಸಿಗಲಿಲ್ಲ', 'ಗುರಿ ತಪ್ಪಿತು', 'ಚಿಗರಿ ಕಂಡಿಲ್ಲ', 'ಕಂಡಿತು, ಆದರೆ ಓಡಿತು'. ಎರಡು ತಾಲೂಕು ಸೇರಿ ಒಂದು ಜೀವವೂ ಸತ್ತಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅಷ್ಟು ಎಳಸಾಗಿದ್ದೆ.

ಅದೇ ವಾರ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಒಳಗೆ ಘಾಟಬೋರಾಳ ಕಡೆಯ ಪಟೇಲರೊಬ್ಬರು ಬೆಂಚಿನ ಮೇಲೆ ಮೊಣಕಾಲೂರಿ, ಕೈಯಲ್ಲಿ ಛತ್ರಿಯನ್ನೇ ಬಂದೂಕು ಮಾಡಿಕೊಂಡು ನಿಂತಿದ್ದರು. "ಎರಡ ಗುಂಡು. ಮೂರು ಚಿಗರಿ. ಒಂದು ಗುಂಡು ಎರಡಕ್ಕ ಕೂಡೇ ಹೊಡೀತು ನೋಡ್ರಿ" ಎನ್ನುತ್ತಿದ್ದರು. ಸುತ್ತಲಿನವರ ಚಹಾ ಆರಿ ಹೋಗಿತ್ತು.

ಇದೇ ಪಟೇಲರ ಕಾಗದದಲ್ಲಿ 'ಚಿಗರಿ ಕಂಡಿಲ್ಲ' ಎಂದು ಇತ್ತು. ಹತ್ತಿರ ಹೋಗಿ, "ಪಟೇಲ್ರ, ಹಂಗಾರ ಕಾಗದದಾಗ ಮೂರು ಅಂತ ತಿದ್ದಲೇನ್ರಿ?" ಎಂದು ಕೇಳಿದೆ.

ಅವರು ಛತ್ರಿಯನ್ನು ಮೆಲ್ಲಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಅಯ್ನೋರ, ನೀವು ಓದಿದವ್ರು, ನಿಮಗ ನಾ ಏನು ಹೇಳಬೇಕು. ಇದು ಹೋಟೆಲ್ ಮಾತು. ಅದು ಸರ್ಕಾರಿ ಮಾತು. ಎರಡೂ ಒಂದಾ ಮಾಡಿದ್ರ ಮನಷ್ಯಾ ಸುಳ್ಳುಗಾರ ಆಗ್ತಾನ."

ಕೊಡಂಬಲದ ಒಡ್ಡು

ನಮ್ಮ ಕಡೆ ಶಿಕಾರಿಯವರದು ಒಂದು ರಿವಾಜು ಇತ್ತು. ಹೊಡೆದ ಚಿಗರಿ ಯಾರ ಹೊಲದಲ್ಲಿ ಬೀಳುತ್ತದೋ ಆ ಹೊಲದವನಿಗೆ ಒಂದು ಹಿಂಗಾಲು ಕೊಡಬೇಕು. ಇದನ್ನು ಯಾರೂ ತಪ್ಪಿಸುತ್ತಿರಲಿಲ್ಲ. ಕಾಗದಕ್ಕೆ ಸುಳ್ಳು ಹೇಳುವವರೂ ಕಾಲಿಗೆ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

ಒಂದು ಸಲ ಕೊಡಂಬಲದಿಂದ ಅಕ್ಕಪಕ್ಕದ ಹೊಲದ ಇಬ್ಬರು ರೈತರು ಜಗಳಾಡುತ್ತಲೇ ಕಚೇರಿಗೆ ಬಂದರು. ಚಿಗರಿ ಬಿದ್ದದ್ದು ಇಬ್ಬರ ಹೊಲದ ನಡುವಿನ ಒಡ್ಡಿನ ಮೇಲೆ. ತಲೆ ಒಬ್ಬನ ಕಡೆ, ಬಾಲ ಇನ್ನೊಬ್ಬನ ಕಡೆ. ಶಿಕಾರಿಯವರು ಬಾಲದ ಕಡೆಯವನಿಗೆ ಕಾಲು ಕೊಟ್ಟು ಹೋಗಿದ್ದರು, ಅದು ಆಗಲೇ ಅವನ ಮನೆಯಲ್ಲಿ ಬೇಯುತ್ತಿತ್ತಂತೆ. ತಲೆಯ ಕಡೆಯವನು, "ತಲಿ ಎಲ್ಲಿ ಅದನೋ ಅಲ್ಲೇ ಪ್ರಾಣಿ ಅದ. ನ್ಯಾಯ ಮಾಡ್ರಿ ಅಯ್ನೋರ" ಎಂದ.

ಕೊಡಂಬಲದಲ್ಲಿ ಚಿಗರಿ ಸತ್ತದ್ದು ಅದುವರೆಗೆ ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ. ಕೊನೆಗೂ ಒಂದು ನಿಜವಾದ ಸಾವು ಸಿಕ್ಕಿತು ಎಂದು ಉತ್ಸಾಹದಿಂದ ಕಾಗದ ತೆಗೆದೆ. "ಹೇಳ್ರಿ, ಯಾರ ಹೊಲದಾಗ ಬಿತ್ತು? ಆ ಹೊಲದವ್ರು ಸಾಕ್ಷಿಗೆ ಬೀದರಕ್ಕ ಬರಬೇಕಾಗ್ತದ."

ಇಬ್ಬರೂ ಮುಖ ಮುಖ ನೋಡಿಕೊಂಡರು. ತಲೆಯವನು, "ಬಾಲ ಎಲ್ಲಿ ಅದನೋ ಅಲ್ಲೇ ಬಿದ್ದಂಗ ಲೆಕ್ಕ ಬಿಡ್ರಿ" ಎಂದ. ಬಾಲದವನು, "ಛೇ, ತಲಿ ಇದ್ದಲ್ಲೇ ಜೀವ ಹೋಗೋದು" ಎಂದ. ಸ್ವಲ್ಪ ಹೊತ್ತು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಮಾತಾಡಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ವಾಪಸ್ ಬಂದರು.

"ಬಿದ್ದಿದ್ದು ಖರೆ ಅದ ಅಯ್ನೋರ. ಆಮ್ಯಾಲ ಎದ್ದು ಹೋತ್ರಿ."

"ಎದ್ದು ಹ್ಯಾಂಗ ಹೋತು? ಒಂದು ಕಾಲು ನಿಮ್ಮ ಮನ್ಯಾಗ ಬೇಯಾಕತ್ತದ ಅಂತ ಈಗರ ಹೇಳಿದ್ರಲ್ಲ?"

"ಹೌದ್ರಿ" ಅಂದ ಬಾಲದವನು. "ಉಳಿದ ಮೂರು ಕಾಲಿನ್ಯಾಗ ಹೋತು."

ಸಾಹುಕಾರರ ಬಂದೂಕು

ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿಯ ಒಬ್ಬ ಸಾಹುಕಾರರಿದ್ದರು. ಮನೆಯಲ್ಲಿ ದಿನಾ ಲಿಂಗಪೂಜೆ ಆಗದೆ ಒಲೆ ಹೊತ್ತುತ್ತಿರಲಿಲ್ಲ. ಅವರಿಗೆ ಮಾತ್ರ ಬಂದೂಕಿನ ಶೋಕಿ. ತಿನ್ನುತ್ತಿರಲಿಲ್ಲ, ಹೊಡೆದು ಹಂಚಿಬಿಡುತ್ತಿದ್ದರು. ಬಂದೂಕು ಮನೆ ಹೊಸ್ತಿಲು ದಾಟುವಂತಿರಲಿಲ್ಲ, ಆದ್ದರಿಂದ ಅದು ಹೊಲದ ಮನೆಯ ಕಣಜದಲ್ಲಿ ಜೋಳದೊಳಗೆ ವಾಸ ಮಾಡುತ್ತಿತ್ತು.

ಒಂದು ದಿನ ಅವರ ಹೆಂಡತಿ ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತರು. "ಅಪ್ಪಾರ, ನಮ್ಮವರು ಬರೇ ಗಾಳಿ ತಗೋಳಾಕ ಅಡವಿಗೆ ಹೋಗ್ತೀನಿ ಅಂತಾರ. ನಿಮ್ಮ ಪುಸ್ತಕದಾಗ ಏನದ, ಓದಿ ಹೇಳ್ರಿ."

ನನ್ನ ಪುಸ್ತಕದಲ್ಲಿ ಇದ್ದದ್ದನ್ನು ಓದಿದೆ. ಮೂರು ವರ್ಷ, ಮೂರು ಸೊನ್ನೆ, ಮೂರು ಸಹಿ. ಆ ತಾಯಿಯ ಕಣ್ಣಲ್ಲಿ ನೀರು ಬಂತು. "ದಿನಾ ಸಂಶಯ ಮಾಡಾಕತ್ತಿದ್ದೆ. ತಪ್ಪಾತು" ಎಂದು ಗಲ್ಲ ಬಡಿದುಕೊಂಡರು. ನನಗೆ ನಾಚಿಕೆಯಾಯಿತು. ಆದರೆ ಸರ್ಕಾರಿ ಮಾತು ಬಿಟ್ಟು ಹೋಟೆಲ್ ಮಾತು ಹೇಳುವ ಅಧಿಕಾರ ನನಗಿರಲಿಲ್ಲ.

ಮರುದಿನ ಸಾಹುಕಾರರು ಬಂದು ನನಗೊಂದು ಪಂಚೆ ಕೊಡಲು ನೋಡಿದರು. ಬೇಡ ಎಂದೆ. "ತಗೋರಿ ಅಯ್ನೋರ. ಹತ್ತು ವರ್ಷದಾಗ ನಿನ್ನೆ ಒಂದ ದಿನ ಮನ್ಯಾಗ ಹೋಳಿಗಿ ಮಾಡ್ಯಾರ."

ಅರ್ಜಿಯೊಳಗಿನ ಹಿಂಡು

ಬೆಳೆ ಕಾಯುವುದಕ್ಕೆ ಬಂದೂಕು ಬೇಕು ಎಂದು ರೈತರು ಬರೆಯುವ ಅರ್ಜಿಗಳೂ ನನಗೇ ಬರುತ್ತಿದ್ದವು. 'ನೂರಾರು ಚಿಗರಿ ನನ್ನ ಜೋಳ ತುಳಿದಿವೆ' ಎಂದು ಒಬ್ಬ ಬರೆದರೆ, ಅವನ ಅರ್ಜಿ ನೋಡಿ ಬಂದವನು 'ಸಾವಿರಾರು' ಎಂದು ಬರೆಸುತ್ತಿದ್ದ. ನಮ್ಮ ಗಾರ್ಡ್ ಒಬ್ಬರಿದ್ದರು, ಎಲ್ಲರೂ ಮಾಮೂ ಎನ್ನುತ್ತಿದ್ದೆವು. ಅರ್ಜಿ ಓದಿ ಹೇಳಿದರೆ ಗಡ್ಡ ನೀವಿಕೊಂಡು, "ಅರ್ಜಿನಾಗಿನ ಚಿಗರಿ ಎಲ್ಲಾ ಹೊರಗ ಬಂದ್ರ ನಾವು ಊರು ಬಿಡಬೇಕಾಗ್ತದ, ಬೇಟಾ" ಎನ್ನುತ್ತಿದ್ದರು.

ನಾವು ನಕ್ಕೆವು. ನಗಬಾರದಿತ್ತು. ಬೀದರದಿಂದ ದೊಡ್ಡ ಸಾಹೇಬರ ಕಾಗದ ಬಂತು. ಅರ್ಜಿಗಳ ಪ್ರಕಾರ ಚಿಗರಿ ವಿಪರೀತ ಇವೆ, ಲೈಸೆನ್ಸುಗಳ ಪ್ರಕಾರ ಒಂದೂ ಸಾಯುತ್ತಿಲ್ಲ. ಆದ್ದರಿಂದ ಮಿತಿಯನ್ನು ಒಂದರಿಂದ ಮೂರಕ್ಕೆ ಏರಿಸಿ, ಹೆಣ್ಣಿಗೂ ಅನುಮತಿ ಕೊಡುವ ವಿಚಾರವಿದೆ. ಹತ್ತು ದಿನ ಬಿಟ್ಟು ಬಸವಕಲ್ಯಾಣದಲ್ಲಿ ಸಭೆ.

ಆ ವರ್ಷ ಮುಡಬಿ ದಾರಿಯಲ್ಲಿ ಉಳಿದಿದ್ದ ಹಿಂಡನ್ನು ನಾನು ಸೈಕಲಿನಿಂದ ಇಳಿಯದೆಯೇ ಎಣಿಸಬಹುದಿತ್ತು. ಹೆಣ್ಣಿಗೂ ಅನುಮತಿ ಸಿಕ್ಕರೆ ಒಂದೇ ಚಳಿಗಾಲಕ್ಕೆ ಮುಗಿಯುತ್ತಿತ್ತು. ಬೀದರಕ್ಕೆ ಹೋಗಿ ಸಾಹೇಬರ ಮುಂದೆ ನಿಂತು ನನ್ನ ಎಲೆ ಅಡಿಕೆಯ ಲೆಕ್ಕ ಹೇಳಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿದರು.

"ನೀವು ಹೇಳೋದು ಖರೆ ಇರಬಹುದು. ಆದ್ರ ನಿಮ್ಮ ಎಲಿ ಅಡಿಕಿ ಫೈಲಿಗೆ ಹಚ್ಚಾಕ ಬರಂಗಿಲ್ಲಲ್ಲ. ಕಾಗದ ತರ್ರಿ."

ಗೋಡೆಯ ಮೇಲಿನ ಹೆಸರು

ಕಾಗದ ತರ್ರಿ ಎಂದರೆ, ಸತ್ಯ ಬರೆಸಿ ತರಬೇಕು. ಶಿಕಾರಿಯವರಿಂದ ಸತ್ಯ ಬರೆಸುವುದು ಹೇಗೆ? ಕಾನೂನಿಗೆ ಅವರು ಹೆದರುವುದಿಲ್ಲ, ದೇವರಿಗೂ ಅಷ್ಟಕ್ಕಷ್ಟೆ. ಎರಡು ದಿನ ತಲೆ ಕೆಡಿಸಿಕೊಂಡು, ಮೂರನೆಯ ದಿನ ಒಂದು ದೊಡ್ಡ ಕಾಗದದ ಮೇಲೆ ಬರೆದೆ: 'ಕಳೆದ ಮೂರು ವರ್ಷಗಳಲ್ಲಿ ಒಂದೂ ಗುಂಡು ತಗಲಿಸಲಾಗದ ಲೈಸೆನ್ಸುದಾರರು'. ಕೆಳಗೆ ಎಲ್ಲರ ಹೆಸರು. ಅವರೇ ಸಹಿ ಹಾಕಿ ಕೊಟ್ಟ ಮಾಹಿತಿ, ನನ್ನದು ಒಂದಕ್ಷರವೂ ಇಲ್ಲ. ಸಂತೆಯ ದಿನ ಬೆಳಿಗ್ಗೆ ಅದನ್ನು ಕಚೇರಿಯ ಹೊರಗೋಡೆಗೆ ಅಂಟಿಸಿದೆ. ಇನ್ನೊಂದನ್ನು ಮಾಮೂ ಬಸ್ಸಿನಲ್ಲಿ ಒಯ್ದು ಕಲ್ಯಾಣದ ಸಂತೆಯ ದಿನ ಅಲ್ಲಿ ಅಂಟಿಸಿ ಬಂದರು.

ಮಧ್ಯಾಹ್ನದೊಳಗೆ ಪಟೇಲರು ಏದುಸಿರು ಬಿಡುತ್ತ ಬಂದರು. "ಅಯ್ನೋರ, ನನ್ನ ಹೆಸರು ತಗೀರಿ. ಬೀಗರು ಬಂದಾರ, ಗ್ವಾಡಿ ಮುಂದ ನಿಂತು ಓದಿ ಓದಿ ನಗಾಕತ್ತಾರ."

"ತಗೀತೀನ್ರಿ. ಎಷ್ಟು ಹೊಡದ್ರಿ ಹೇಳ್ರಿ."

"ಎರಡು ಬರೀರಿ." ಬಾಗಿಲ ತನಕ ಹೋಗಿ ಹಿಂದಿರುಗಿದರು. "ಆ ಕೊಡಂಬಲದ ಬಂದೂಕಿನಾವ ಎಷ್ಟು ಬರಸ್ಯಾನ?"

"ನಾಲ್ಕು."

"ಹಂಗಾರ ನಂದು ಏಳು ಮಾಡ್ರಿ."

"ಮಿತಿ ಒಂದ ಅದಲ್ರಿ ಪಟೇಲ್ರ?"

"ಮಿತಿ ಇರೋದು ಗುರಿ ಇಲ್ಲದವ್ರಿಗೆ" ಎಂದು ದಪ್ಪಗೆ ಸಹಿ ಹಾಕಿ ಹೋದರು.

ಆಮೇಲೆ ಸಾಲು ಹತ್ತಿತು. ಒಬ್ಬರ ಅಂಕಿ ನೋಡಿ ಇನ್ನೊಬ್ಬರು ಏರಿಸಿದರು. ಬರೆಸಿ ಹೋದವರು ಕೂಡ ತಿದ್ದಿಸಲು ಮತ್ತೆ ಬಂದರು. ಸತ್ತುಹೋದ ತಂದೆಯ ಹೆಸರಿಗೂ ಮೂರು ಹಾಕಿರೆಂದು ಒಬ್ಬ ಹಟ ಹಿಡಿದ.

ಕಲ್ಯಾಣದಲ್ಲಿ ಸಾಹುಕಾರರ ಹೆಂಡತಿ ಆ ಗೋಡೆಯ ಮುಂದೆ ನಿಂತು, "ನಮ್ಮವರ ಹೆಸರು ಎಲ್ಲಾರಕಿಂತ ಮ್ಯಾಲ ಅದ" ಎಂದು ಸಂತೆಯವರಿಗೆಲ್ಲ ಸಕ್ಕರೆ ಹಂಚಿದರಂತೆ. ಸಾಹುಕಾರರೂ ಪಕ್ಕದಲ್ಲಿ ನಿಂತು ಒಂದು ಚಿಟಿಕೆ ತಿಂದರಂತೆ. ಮರುದಿನ ಕಚೇರಿಯ ಹಿಂಬಾಗಿಲಿಂದ ಬಂದು, "ಗ್ವಾಡಿ ಮ್ಯಾಲ ಸೊನ್ನೆನೇ ಇರ್ಲಿ. ಒಳಗ ಎಂಟು ಬರೀರಿ, ಪಟೇಲಗ ಒಂದು ಹೆಚ್ಚಿಗಿ" ಎಂದರು.

ಸಭೆಯ ದಿನ ಸಾಹೇಬರ ಮುಂದೆ ಆ ಕಾಗದಗಳನ್ನು ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು. ಎದುರಿಗೆ ಶಿಕಾರಿಯವರೆಲ್ಲ ಮೀಸೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

"ಇವೆಲ್ಲಾ ನಿಮ್ಮ ಸಹಿನೇ ಅವೇನ್ರಿ?"

"ಹೌದ್ರಿ" ಎಂದರು ಎಲ್ಲರೂ ಒಟ್ಟಿಗೆ.

"ಕೇಸ್ ಹಾಕಿದ್ರ ಕೋರ್ಟಿನ್ಯಾಗ ನಿಮಗೆಲ್ಲಾ ನಿಂದ್ರಾಕ ಜಾಗಾ ಸಾಲಂಗಿಲ್ಲ, ಅದಕ್ಕ ಬಿಡ್ತೀನಿ. ಆದ್ರ ಇಷ್ಟು ಹೊಡದ ಮ್ಯಾಲ ಎರಡೂ ತಾಲೂಕಿನ್ಯಾಗ ಒಂದೂ ಚಿಗರಿ ಉಳದಿರಾಕ ಸಾಧ್ಯ ಇಲ್ಲ. ಇಲ್ಲದ ಪ್ರಾಣಿಗೆ ಲೈಸೆನ್ಸ್ ಯಾಕ? ಚಿಗರಿ ಶಿಕಾರಿ ಇವತ್ತಿಂದ ಬಂದ್."

ಮೀಸೆಯ ಮೇಲಿನ ಕೈಗಳು ಒಂದೊಂದಾಗಿ ಕೆಳಗಿಳಿದವು. ಪಟೇಲರು ಎದ್ದು ನಿಂತು, "ಸಾಹೇಬ್ರ, ಅದರಾಗ ಸ್ವಲ್ಪ ಹೋಟೆಲ್ ಮಾತು ಕೂಡ್ಯಾವ್ರಿ" ಎಂದರು. ಸಾಹೇಬರು ಸಹಿಯನ್ನು ತೋರಿಸಿದರು. ಪಟೇಲರು ಕೂತರು.

ನಾನು ಹಿಗ್ಗಿದ್ದೆ, ಒಳಗೊಳಗೆ ಹೆದರಿಯೂ ಇದ್ದೆ. ಆ ಅಂಕಿಗಳಲ್ಲಿ ಅರ್ಧ ಸುಳ್ಳು ಎಂದು ನನಗೆ ಗೊತ್ತಿತ್ತು. ಸಾಹೇಬರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ವಾಪಸ್ ಬರುವಾಗ ಅವರು ನನ್ನನ್ನೂ ಜೀಪಿನಲ್ಲಿ ಕೂಡಿಸಿಕೊಂಡರು. ಬಿಸಿಲು ಇಳಿಯುವ ಹೊತ್ತು. ಒಂದು ತಿರುವು ದಾಟುತ್ತಿದ್ದಂತೆ ಚಾಲಕ ಗಕ್ಕನೆ ಬ್ರೇಕ್ ಹಾಕಿದ. ಎದುರಿಗೆ ರಸ್ತೆಯ ಮೇಲೆ ಚಿಗರಿಗಳು, ಮುಂದೆ ಒಂದು ಕರಿ ಗಂಡು, ಹಿಂದೆ ಹೆಣ್ಣು, ಮರಿ.

ಸಾಹೇಬರು ಅವುಗಳನ್ನು ನೋಡಿದರು. ತಿರುಗಿ ನನ್ನನ್ನು ನೋಡಿದರು. ತೊಡೆಯ ಮೇಲಿದ್ದ ಫೈಲನ್ನು ಮುಚ್ಚಿ ದಾರ ಕಟ್ಟಿದರು. ಅಷ್ಟರಲ್ಲಿ ಚಾಲಕ ಹಾರ್ನಿಗೆ ಕೈ ಹಾಕಿದ.

"ಸುಮ್ನಿರಪ್ಪ" ಎಂದರು ಸಾಹೇಬರು. "ಸತ್ತವರಿಗೆ ಹಾರ್ನ್ ಹೊಡೀಬಾರ್ದು."