ಕುರ್ಚಿಗೆ ಇಟ್ಟ ಗುರುತು

ಧಡಕ್, ಸುಯ್. ಧಡಕ್, ಸುಯ್. ನಮ್ಮ ಮನೆಯ ಕೆಳಗಿನ ಮುದ್ರಣಾಲಯದ ಯಂತ್ರ ಬೆಳಗಿನಿಂದ ಹೀಗೇ ಉಸಿರಾಡುತ್ತದೆ. ಅದಕ್ಕೆ ನಮ್ಮ ನೆಲ, ನೆಲದ ಮೇಲಿನ ಲೋಟದ ನೀರು, ನೀರಿನೊಳಗಿನ ಕಿಟಕಿಯ ಬೆಳಕು, ಎಲ್ಲವೂ ಮೆಲ್ಲಗೆ ನಡುಗುತ್ತವೆ. ಅದನ್ನು ನೋಡುತ್ತ ಕೂತರೆ ನನಗೆ ಲೋಕದ ಪರಿವೆಯೇ ಇರುವುದಿಲ್ಲ. (ಮದುವೆಗೆ ಮೊದಲು ಇದನ್ನು ಇವರ ಮನೆಯವರಿಗೆ ಯಾರೂ ಹೇಳಿರಲಿಲ್ಲ.)

ನನ್ನ ಗಂಡ ಫೋಟೋ ತೆಗೆಯುವವರು. ಮನುಷ್ಯರದಲ್ಲ, ಸಾಮಾನುಗಳದು. ಕುರ್ಚಿ, ಕೆಟಲ್, ನಲ್ಲಿ, ಬೀರುಗಳನ್ನು ನಡುಮನೆಯ ಬಿಳಿ ಪರದೆಯೆದುರು ನಿಲ್ಲಿಸಿ ಅಂಗಡಿಗಳ ಕ್ಯಾಟಲಾಗಿಗೆ ತೆಗೆಯುತ್ತಾರೆ. ಕಂಪ್ಯೂಟರಿನಲ್ಲಿ ಇಪ್ಪತ್ತೊಂದು ಸಾವಿರ ಚಿತ್ರಗಳು. ಕ್ಯಾಮೆರಾ ಕೊಟ್ಟ ನಂಬರೇ ಅವುಗಳ ಹೆಸರು. ಒಂದು ನಲ್ಲಿ ಹುಡುಕಲು ಇವರಿಗೆ ಒಂದು ಹಗಲು ಬೇಕು. ಕನಿಕರಪಟ್ಟು ನಾನೇ ಮನೆಯಲ್ಲಿ ‘ಡಿಜಿಟಲ್ ಚಿತ್ರಭಂಡಾರ ನಿರ್ವಹಣಾ ವ್ಯವಸ್ಥೆ’ಯನ್ನು ಪ್ರತಿಷ್ಠಾಪಿಸಿದೆ. ಚಿತ್ರಗಳನ್ನೆಲ್ಲ ಒಂದೇ ಕಡೆ ಸುರಿದು, ಪ್ರತಿಯೊಂದಕ್ಕೂ ಗುರುತಿನ ಮಾತೊಂದನ್ನು ಬರೆದಿಡುವುದು. ಆ ಮಾತು ಟೈಪ್ ಮಾಡಿದರೆ ಚಿತ್ರ ಪ್ರತ್ಯಕ್ಷ.

ಮೂರು ತಿಂಗಳು ಬರೆದೆ. ಆದರೆ ಕುರ್ಚಿಗೆ ‘ಕುರ್ಚಿ’ ಎಂದು ಬರೆಯಲು ನಾನೇ ಬೇಕೆ? ನೋಡಿದವರಿಗೆ ತಿಳಿಯುವುದಿಲ್ಲವೆ? ಚಿತ್ರ ನೋಡಿ, ಕಣ್ಣು ಮುಚ್ಚಿ, ಮನಸ್ಸಿಗೆ ಹೊಳೆದದ್ದನ್ನು ಬರೆದೆ. ಬಾಗಿಲು ತೆರೆದ ಬೀರುವಿಗೆ ‘ನಿಟ್ಟುಸಿರು’. ಹಿತ್ತಾಳೆಯ ನಲ್ಲಿಗೆ ‘ಭಾನುವಾರ’.

ಇವತ್ತು ಮಧ್ಯಾಹ್ನ ಎರಡೂವರೆಗೆ ಕೆಳಗಿನ ಯಂತ್ರ ನಿಂತಿತು. ಮುದ್ರಣಾಲಯದವರು ಮೆಟ್ಟಿಲ ಬುಡದಿಂದ ಕೂಗಿದರು.

“ಅಣ್ಣಾ, ಮುಖಪುಟದ ಕುರ್ಚಿ ಎಲ್ಲಿ? ಮೂರಕ್ಕೆ ಸಿಗದಿದ್ರೆ ಬೇರೆಯವರ ಚಿತ್ರ ಹಾಕು ಅಂದಿದ್ದಾರೆ ಅಂಗಡಿಯವರು!”

ಹತ್ತು ವರ್ಷ ಒಳಪುಟಗಳ ಮೂಲೆಯಲ್ಲೇ ಕಳೆದ ಇವರಿಗೆ ಅದು ಮೊದಲ ಮುಖಪುಟ. ‘ಕುರ್ಚಿ’ ಎಂದು ಟೈಪ್ ಮಾಡಿದರು. ‘ಏನೂ ಸಿಗಲಿಲ್ಲ’ ಎಂದಿತು ಕಂಪ್ಯೂಟರು.

“ಏನೇ ಇದು? ಆರುನೂರು ಕುರ್ಚಿ ಇದ್ವಲ್ಲ!”

“ಇವೆ ರೀ. ಬೇರೆ ಮಾತಲ್ಲಿವೆ. ‘ಏಕಾಂತ’ ಅಂತ ಹಾಕಿ ನೋಡಿ.”

ಹಾಕಿದರು. ಮೂರು ಬಕೆಟ್ಟು ಬಂದವು.

“ಮೂರಿದ್ರೂ ಏಕಾಂತಾನಾ?”

“ಒಂದಕ್ಕೊಂದು ಮಾತಾಡಲ್ಲ ನೋಡಿ, ಪಾಪ.”

ಇವರು ಗೋಡೆಯ ಗಡಿಯಾರ ನೋಡಿದರು. ಪಕ್ಕದಲ್ಲೇ ಕೂತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು, “ಹೇಗಿತ್ತಪ್ಪ ಆ ಕುರ್ಚಿ?” ಎಂದರು.

“ಕಪ್ಪು ಮರದ್ದಮ್ಮ. ಬೆನ್ನು ನೆಟ್ಟಗೆ. ಕೂತವರನ್ನ ಒರಗೋಕೆ ಬಿಡಲ್ಲ.”

ಆಗ ನನಗೆ ನೆನಪಾಯಿತು.

“ಅತ್ತೆ, ನೀವು ಒಳಗೆ ಹೋಗಿ ಸ್ವಲ್ಪ ಮಲಗಿ.”

“ಹಗಲು ಮಲಗೋಳು ನಾನಲ್ಲಮ್ಮ.”

“ಟೀ ಮಾಡ್ಕೊಡ್ಲಾ?”

“ಈಗ ತಾನೆ ಕುಡಿದೆ. ನೀನು ಹುಡುಕು.”

“ಹತ್ತೇ ನಿಮಿಷ!” ಎಂದಿತು ಮೆಟ್ಟಿಲ ಬುಡ. ಇವರು ನನ್ನತ್ತ ನೋಡಿದರು. ಆ ಮುಖ ನೋಡಿದ ಮೇಲೆ ಯಾವ ಹೆಂಡತಿಯೂ ಸುಮ್ಮನಿರಲಾರಳು. ಕಣ್ಣು ಮುಚ್ಚಿ ಎರಡೇ ಅಕ್ಷರ ಒತ್ತಿದೆ: ಅತ್ತೆ.

ಕುರ್ಚಿ ಬಂದಿತು, ನೆಟ್ಟಗೆ. ಒಂದೇ ಬರಲಿಲ್ಲ. ಅದರ ಹಿಂದೆ ಒಂದು ಬೀಗ, ಕುದಿಯುವ ಕೆಟಲ್, ಒಂದು ಭೂತಗನ್ನಡಿ.

“ಇದೇ! ಇದೇ ಕಣೇ!” ಇವರು ಮೇಲಿನ ಅಕ್ಷರ ಓದಲೇ ಇಲ್ಲ, ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಮಗುವಿನ ಹಾಗೆ ಕೆಳಗೋಡಿದರು. ಕೋಣೆಯಲ್ಲಿ ಉಳಿದದ್ದು ನಾವಿಬ್ಬರು, ಮತ್ತು ಕಂಪ್ಯೂಟರಿನ ಪರದೆಯ ಮೇಲೆ ಆ ಎರಡಕ್ಷರ. ಮಧ್ಯಾಹ್ನದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅವುಗಳಲ್ಲೊಂದಾಗಿ ನಾನೂ ತೇಲಿ ಹೋಗಬಾರದೆ ಅನ್ನಿಸಿತು.

ಅತ್ತೆ ಕಂಪ್ಯೂಟರಿನ ಹತ್ತಿರಕ್ಕೆ ಬಗ್ಗಿದರು.

“ಭೂತಗನ್ನಡಿ ಚೆನ್ನಾಗಿದೆ.”

“ಅತ್ತೆ, ಅದು... ಕಂಪ್ಯೂಟರೇ ಏನೋ...”

“ಇರಲಿ ಬಿಡು. ದಿನಾ ಮಧ್ಯಾಹ್ನ ನೀನು ಮಲಗಿದ್ಮೇಲೆ ನಾನೂ ಒಂದಷ್ಟು ಬರೆದಿದ್ದೀನಿ. ‘ಸೊಸೆ’ ಅಂತ ಹಾಕು.”

ಹಾಕಿದೆ. ಮೊದಲು ಒಂದು ದಿಂಬು ಬಂದಿತು. ಆಮೇಲೆ ನಿಂತ ಗಡಿಯಾರ. ಒಂದು ಜರಡಿ. ಗಾಳಿ ತುಂಬಿದ ಬಣ್ಣದ ಬುಗ್ಗೆ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಇನ್ನೂ ನಾನೂರ ಹನ್ನೆರಡು ಚಿತ್ರಗಳಿವೆ.

“ಕೂತ್ಕೊ,” ಎಂದರು ಅತ್ತೆ, ಸೆರಗಿನಿಂದ ಕನ್ನಡಕ ಒರೆಸುತ್ತ. “ಒಂದೊಂದಾಗಿ ನೋಡೋಣ. ಒಂದೊಂದಕ್ಕೂ ಕಾರಣ ಹೇಳ್ತೀನಿ.”

“ಅಯ್ಯೋ ಅತ್ತೆ, ತಾರಸಿ ಮೇಲೆ ಬಟ್ಟೆ ಒಣಗಿರತ್ತೆ, ಒಂದು ನಿಮಿಷ ಹೋಗಿ ನಾನು ಅವನ್ನ...” ಎನ್ನುತ್ತಲೇ ಎದ್ದು, ಬಾಗಿಲು ದಾಟಿ, ಎರಡೆರಡು ಮೆಟ್ಟಿಲು ಹಾರಿ, ಹಿಂತಿರುಗಿ ನೋಡದೆ...