ನಟ್ಟನಡುವಿನ ಮನೆ

ನಮ್ಮ ಬೀದರ್ ಜಿಲ್ಲೆಯಲ್ಲಿ ಯಾರ ಮನೆಗೆ ಹೋದರೂ ಚಹಾ ಸಿಗುತ್ತದೆ. ಆದಾಯ ಎಷ್ಟು ಎಂದು ಕೇಳಿದಿರೋ, ಆ ಚಹಾ ಅರ್ಧಕ್ಕೇ ತಣ್ಣಗಾಗುತ್ತದೆ. ಪ್ರತಿ ವರ್ಷ ಅವೇ ಮನೆಗಳಿಗೆ ಹೋಗಿ ಅದನ್ನೇ ಕೇಳುವುದು ನನ್ನ ನೌಕರಿ. ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಕೆಲಸ ಸರಳ. ಪ್ರತಿ ಊರಿನ ಮನೆಗಳನ್ನು ಕಡಿಮೆ ಆದಾಯದಿಂದ ಹೆಚ್ಚಿನದಕ್ಕೆ ಸಾಲಾಗಿ ಇಟ್ಟರೆ ನಟ್ಟನಡುವೆ ಒಂದು ಮನೆ ಬರುತ್ತದೆ. ಅದರ ಆದಾಯ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ನೋಡಬೇಕು. ನನ್ನ ಲೆಕ್ಕದಲ್ಲಿ ಅದು ಇಳಿಯುತ್ತಲೇ ಇತ್ತು. ಅಂಗಳಕ್ಕೆ ಮೋಟರ್‌ಸೈಕಲ್ ಬರುತ್ತಿತ್ತು, ಗೋಡೆಗೆ ಹೊಸ ಬಣ್ಣ ಬರುತ್ತಿತ್ತು, ಆದಾಯ ಮಾತ್ರ ಇಳಿಯುತ್ತಿತ್ತು. ಹೆಚ್ಚು ಹೇಳಿದರೆ ರೇಶನ್ ಕಾರ್ಡ್ ಹೋದೀತೆಂಬ ಅಂಜಿಕೆ ಎಲ್ಲರಿಗೂ.

ನಮ್ಮ ಸಾಹೇಬರು ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟರು: “ಈ ವರ್ಷಾನೂ ಲೆಕ್ಕ ಹಿಂಗೇ ಬಂತಂದ್ರ ಬ್ಯಾರೆದವ್ರನ್ನ ತಗೋತೇನಿ ನೋಡ್ರಿ ಮೇಡಂ.” ನನ್ನದು ವರ್ಷವರ್ಷದ ಗುತ್ತಿಗೆ ನೌಕರಿ. ಫಾರಂಗಳ ಕಟ್ಟು ಎತ್ತಿಕೊಂಡು ಹೊರಟೆ.

೧. ಎಣಿಸಬಾರದ ಕುರಿಗಳು

ಭಾಲ್ಕಿ ಕಡೆಯ ಮೆಹಕರದಲ್ಲಿ ಕುರಿ ಸಾಕಿದ ಅಜ್ಜನೊಬ್ಬನಿದ್ದಾನೆ. “ಕುರಿ ಎಷ್ಟ ಅದಾವ್ರಿ ಅಜ್ಜಾ?” ಎಂದೆ.

“ಎಣಿಸಬಾರದ್ರಿ ಯವ್ವಾ, ಕಣ್ಣ ಬಿದ್ದು ನದರ ಆಗ್ತದ.”

“ಮತ್ತ ಒಂದು ಕಳೀತಂದ್ರ ಹ್ಯಾಂಗ ಗೊತ್ತಾಗ್ತದ್ರಿ?”

“ನಿಮ್ಮ ಮನ್ಯಾಗ ಒಬ್ಬರು ಬರಲಿಲ್ಲಂದ್ರ ಎಣಿಸಿ ನೋಡ್ತೀರೇನ್ರಿ?”

ನಾನು ಪಟ್ಟು ಬದಲಿಸಿ ಹೆಸರು ಕೇಳಿದೆ. ಅಜ್ಜನಿಗೆ ಎಲ್ಲಿಲ್ಲದ ಖುಷಿ. ಗಂಗಿ, ಚಂದ್ರಿ, ಕರಿಮುಖಿ ಎಂದು ಶುರುಮಾಡಿ, ಯಾರಿಗೆ ಕಾಲುನೋವು, ಯಾರು ಜಗಳಗಂಟಿ ಎಂಬುದನ್ನೂ ಹೇಳಿದ. ಫಾರಂ ತಿರುವಿ ಹಿಂಬದಿಗೆ ಎಲ್ಲ ಹೆಸರುಗಳನ್ನೂ ಬರೆದುಕೊಂಡು, ಒಂದಾದರೂ ಸರಿಯಾದ ಲೆಕ್ಕ ಸಿಕ್ಕಿತೆಂದು ಹಿಗ್ಗಿ ಕಚೇರಿಗೆ ಕಳಿಸಿದೆ.

ಮೂರನೇ ದಿನ ಸಾಹೇಬರ ಫೋನು. ಕಂಪ್ಯೂಟರಿಗೆ ತುಂಬುವವರು ಆ ಹೆಸರುಗಳನ್ನೆಲ್ಲ ಕುಟುಂಬದ ಸದಸ್ಯರೆಂದು ಹಾಕಿಬಿಟ್ಟಿದ್ದರು.

“ಏನ್ ಮೇಡಂ ಇದು? ಒಂದೇ ಮನ್ಯಾಗ ಐವತ್ತು ಹೆಣ್ಣಮಕ್ಕಳು, ಒಬ್ಬಾಕಿನೂ ಸಾಲಿಗಿ ಹೋಗಿಲ್ಲ!”

೨. ಸಿಸ್ಟರಮ್ಮನ ತಿರುಗುಬಾಣ

ಬೀದರ್ ನಗರದಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ, ಎಲ್ಲರ ಬಾಯಲ್ಲಿ ಸಿಸ್ಟರಮ್ಮ. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಪಿಂಚಣಿ, ಬಾಡಿಗೆ, ಮಗಳು ಕಳಿಸಿದ್ದು, ಎಲ್ಲವನ್ನೂ ಪಾಸ್‌ಬುಕ್ ಮುಂದಿಟ್ಟು ಹೇಳುತ್ತಾರೆ. ಅವರ ಮನೆಯಲ್ಲಿ ನನಗೆ ಖುಷಿಯಿಂದ ಕಣ್ಣು ತುಂಬುವುದೊಂದು ಬಾಕಿ.

“ಸುಳ್ಳ ಹೇಳಿ ಯಾರ್ ಉದ್ಧಾರ ಆಗ್ಯಾರವ್ವ?” ಎಂದರು. ನಾನೂ ಜೋರಾಗಿ ತಲೆಯಾಡಿಸಿ, ಖರೇ ಹೇಳದ ಮಂದಿಯನ್ನು ಚೆನ್ನಾಗಿ ಬೈದೆ.

ಚಹಾದ ಕಪ್ಪು ಕೈಗಿಡುತ್ತ ಕೇಳಿದರು: “ಅಲ್ಲಾ, ನಿನ್ನ ಪಗಾರ ಎಷ್ಟದ?”

“ಅಷ್ಟೇನಿಲ್ರಿ ಸಿಸ್ಟರಮ್ಮ… ಹ್ಯಾಂಗೋ ನಡೀತದ.”

ಅವರು ನನ್ನ ಪೆನ್ನು ತೆಗೆದು ನನಗೇ ಕೊಟ್ಟರು. “ಇದನ್ನ ಫಾರಂನ್ಯಾಗ ಹ್ಯಾಂಗ ಬರೀತಿ, ಬರದು ತೋರಸು.”

೩. ಡಾಬಕಾದ ಸಾಲು

ಕೊನೆಗೆ ಉಳಿದದ್ದು ಔರಾದ್ ತಾಲ್ಲೂಕಿನ ಡಾಬಕಾ. ನನ್ನ ಮೇಲೆ ನಂಬಿಕೆ ಹೋಗಿದ್ದ ಸಾಹೇಬರು ಖುದ್ದು ಬಂದರು. ಇಲ್ಲಿ ಕೆಟ್ಟರೆ ನನ್ನ ನೌಕರಿ ಮುಗಿದಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಾಹೇಬರು ಬೇವಿನ ಗಿಡದ ಕಟ್ಟೆ ಹತ್ತಿ ಹೇಳಿದರು: “ಹೆಸರು ಬರಕೊಳ್ಳೂದಿಲ್ಲ, ರೊಕ್ಕ ಕೇಳೂದಿಲ್ಲ. ಜಾಸ್ತಿ ಇದ್ದವ್ರು ಮುಂದ, ಕಮ್ಮಿ ಇದ್ದವ್ರು ಹಿಂದ, ಸಾಲಾಗಿ ನಿಂದರ್ರಿ. ನಡುವಿನವ್ರ ಜೋಡಿ ಅಷ್ಟ ಮಾತಾಡ್ತೇನಿ.”

ಉಪಾಯ ನನಗೂ ಹಿಡಿಸಿತು. ಸಾಲು ಆಯಿತು. ಆದರೆ ಎಲ್ಲರಿಗಿಂತ ಮುಂದೆ ನಿಂತವನು ಅತ್ತಿತ್ತ ನೋಡಿದ. ತಾನೇ ಊರ ಸಾಹುಕಾರನಾಗಿಬಿಟ್ಟೆ ಎಂದು ಹೊಳೆದದ್ದೇ, ಮೆಲ್ಲಗೆ ಕಟ್ಟೆ ಸುತ್ತಿ ಬಂದು ಕೊನೆಗೆ ನಿಂತ. ಈಗ ಎರಡನೆಯವನು ಮುಂದಾದ, ಅವನೂ ಹಿಂದೆ ಓಡಿದ. ಆಮೇಲೆ ಮೂರನೆಯವನು. ನೋಡನೋಡುತ್ತಲೇ ಸಾಲು ಬಾಗಿ ಕಟ್ಟೆಯ ಸುತ್ತ ದುಂಡಗಾಗಿ ತಿರುಗತೊಡಗಿತು. ಎಲ್ಲರೂ ಎಲ್ಲರ ಹಿಂದೆ!

“ನಿಂದರ್ರಿ! ನಡುವ ಯಾರದಾರ?” ಸಾಹೇಬರು ಕಟ್ಟೆಯ ಮೇಲಿಂದ ಕೂಗಿದರು.

ಪಕ್ಕದಲ್ಲಿ ತೊಗರಿ ಆರಿಸುತ್ತ ಕುಳಿತಿದ್ದ ಮುದುಕಿ ತಲೆ ಎತ್ತಿದಳು. “ನಡುವ ನೀವೇ ನಿಂತೀರಲ್ರಿ ಸಾಹೇಬ್ರ. ನಿಮ್ಮ ಪಗಾರೇ ಬರಕೊಂಡು ಹೋಗ್ರಿ. ಎಷ್ಟದ?”

ತಿರುಗುತ್ತಿದ್ದ ಊರು ಗಪ್ಪನೆ ನಿಂತಿತು. ಸಾಹೇಬರು ಕೆಮ್ಮಿದರು, ಬೂಟು ನೋಡಿಕೊಂಡರು.

“ಅಷ್ಟೇನಿಲ್ರಿ ಆಯಿ… ಹ್ಯಾಂಗೋ ನಡೀತದ.”

ಹೇಳಿದ ಮೇಲೆ ನನ್ನತ್ತ ತಿರುಗಿದರು. ನಾನು ನಗು ತಡೆದು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. “ಮೇಡಂ,” ಎಂದರು ಸಣ್ಣ ದನಿಯಲ್ಲಿ, “ಮುಂದಿನ ವರ್ಷಾನೂ ನೀವೇ ಬರ್ರಿ.” ಆ ಗಳಿಗೆಯಲ್ಲಿ ನನಗೆ ಇಡೀ ಡಾಬಕಾದ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಮೊದಲು ಓಡಿದ್ದ ಆಸಾಮಿ ಒಂದು ಹೆಜ್ಜೆ ಮುಂದೆ ಸರಿದು, ಅಕ್ಕರೆಯಿಂದ ಕೈ ತೋರಿಸಿದ:

“ಹಂಗಂದ್ರ ಕೆಳಗ ಇಳೀರಿ ಸಾಹೇಬ್ರ, ನನ್ನ ಹಿಂದ ಜಾಗಾ ಅದ.”